ಪಟದ ಮೇಷ್ಟ್ರು

ಗುಂಡ್ಲುಪೇಟೆಯಲ್ಲಿ ಬಾಡಿಗೆ ಮನೆಯಲ್ಲಿರುವವರು ಇಬ್ಬರಿಗೆ ಹೆದರಬೇಕು. ಒಬ್ಬರು ಮನೆ ಓನರು, ಇನ್ನೊಬ್ಬರು ಪಟದ ಮೇಷ್ಟ್ರು. ಗೋಡೆಗೆ ಮೊಳೆ ಹೊಡೆದರೆ ಓನರು ಅಡ್ವಾನ್ಸಿನಲ್ಲಿ ಹಿಡಿದುಕೊಳ್ಳುತ್ತಾರೆ. ಹೊಡೆಯದಿದ್ದರೆ ಮೇಷ್ಟ್ರು ಮುಖ ದಪ್ಪ ಮಾಡಿಕೊಳ್ಳುತ್ತಾರೆ. ನಡುವೆ ಸಿಕ್ಕ ನನ್ನಂಥವನಿಗೆ ಉಳಿಯುವ ಜಾಗ ಬೀರುವಿನ ಹಿಂದಿನ ಸಂದು. ಕೆಲವೇ ವರ್ಷದಲ್ಲಿ ಆ ಸಂದಿನಲ್ಲಿ ಕನ್ನಡ ಸಾಹಿತ್ಯದ ಬಹುಭಾಗ ಸೇರಿಕೊಂಡಿದೆ.

ಮೇಷ್ಟ್ರು ಹೈಸ್ಕೂಲಿನಲ್ಲಿ ಕನ್ನಡ ಹೇಳಿ ನಿವೃತ್ತರಾದವರು. ಇಂಥವರು ಪ್ರತಿ ತಾಲ್ಲೂಕಿಗೆ ಒಬ್ಬರು ಇದ್ದೇ ಇರುತ್ತಾರೆ, ನಿಮ್ಮೂರಲ್ಲೂ ಇದ್ದಾರು. ಬಿಳಿ ಜುಬ್ಬ, ಹೆಗಲಿಗೆ ಬಟ್ಟೆ ಚೀಲ, ಜೇಬಿನಲ್ಲಿ ಎರಡು ಪೆನ್ನು, ಒಂದು ಬರೆಯುವುದಕ್ಕೆ, ಒಂದು ತಿದ್ದುವುದಕ್ಕೆ. ಮದುವೆ ಕಾಗದ ಕೊಟ್ಟರೆ ಮೊದಲು ಕೆಂಪು ಪೆನ್ನಿನಲ್ಲಿ ಅಲ್ಪಪ್ರಾಣ ಮಹಾಪ್ರಾಣ ಸರಿಮಾಡಿ, ಆಮೇಲೆ ಹೆಣ್ಣು ಯಾರ ಮನೆಯದು ಅಂತ ಕೇಳುವವರು. ಹೋಟೆಲಿನ ಬೋರ್ಡಿನಲ್ಲಿ 'ಊಟ ತಯ್ಯಾರಿದೆ' ಅಂತಿದ್ದರೆ ಹಸಿವನ್ನು ಹೊತ್ತುಕೊಂಡು ಮುಂದಿನ ಹೋಟೆಲಿಗೆ ಹೋಗುವವರು. ಈ ಮಟ್ಟಿಗೆ ಅವರು ಬೇರೆ ಊರಿನ ಮೇಷ್ಟ್ರುಗಳ ಹಾಗೆಯೇ. ನಮ್ಮವರ ವಿಶೇಷ ಪಟ. ದಸರಾ ರಜ, ದೀಪಾವಳಿ, ಗೃಹಪ್ರವೇಶ, ನಾಮಕರಣ ಯಾವುದೇ ಇರಲಿ, ಓದುವ ಅಭ್ಯಾಸ ಇದೆ ಅಂತ ಅನುಮಾನ ಬಂದವರ ಮನೆಗೆಲ್ಲ ಒಂದು ಪುಸ್ತಕದ ಪಟ ಕಟ್ಟು ಹಾಕಿಸಿಕೊಂಡು ಹೋಗುತ್ತಾರೆ.

ಮೊದಲು ಹೀಗಿರಲಿಲ್ಲ. ಪುಸ್ತಕವನ್ನೇ ಕೊಡುತ್ತಿದ್ದರು. 2021ರ ಆಗಸ್ಟಿನಲ್ಲಿ ಬೊಮ್ಮಾಯಿಯವರ ಸರ್ಕಾರ ಸರ್ಕಾರಿ ಸಮಾರಂಭಗಳಲ್ಲಿ ಹಾರ ತುರಾಯಿ ಬೇಡ, ಕೊಡುವುದಾದರೆ ಕನ್ನಡ ಪುಸ್ತಕ ಕೊಡಿ ಅಂದಾಗ, 2023ರಲ್ಲಿ ಸಿದ್ದರಾಮಯ್ಯನವರೂ ಶಾಲು ಹಾರ ಬೇಡ, ಪುಸ್ತಕ ತನ್ನಿ ಅಂದಾಗ, ಎರಡು ಸಲವೂ ಮೇಷ್ಟ್ರು ಊರ ತುಂಬ ಓಡಾಡಿ, 'ನಾನು ಮೂವತ್ತು ವರ್ಷದಿಂದ ಹೇಳಿದ್ದು ವಿಧಾನಸೌಧಕ್ಕೆ ಈಗ ತಲುಪಿದೆ ನೋಡ್ರೀ' ಅಂತ ಹೇಳಿಕೊಂಡರು. 2023ರಲ್ಲೇ ಒಂದು ದಿನ ಬಸ್ ಸ್ಟ್ಯಾಂಡಿನ ಹತ್ತಿರ ಗುಜರಿ ಗಾಡಿಯಲ್ಲಿ, ಒಡೆದ ಬಕೆಟ್ಟಿಗೂ ಹಳೆ ಮಿಕ್ಸಿಗೂ ನಡುವೆ, ಒಂದು ಪುಸ್ತಕ ಕಂಡಿತು. ತೆಗೆದು ನೋಡಿದರೆ ಮೊದಲ ಪುಟದಲ್ಲಿ 'ಸಹೃದಯರಿಗೆ, ಪ್ರೀತಿಯಿಂದ' ಅಂತ ತಮ್ಮದೇ ಕೈಬರಹ. ಹಾಳೆಗಳು ಒಂದಕ್ಕೊಂದು ಅಂಟಿಕೊಂಡೇ ಇದ್ದವು, ಯಾರೂ ಬಿಡಿಸಿರಲಿಲ್ಲ. ಗುಜರಿಯವನು ಕೇಳಿದ ಹನ್ನೆರಡು ರೂಪಾಯಿ ಕೊಟ್ಟು ತಮ್ಮ ಪುಸ್ತಕವನ್ನು ತಾವೇ ಬಿಡಿಸಿಕೊಂಡು ಬಂದರು. ಆ ಸಹೃದಯರು ಯಾರು ಅಂತ ಇವತ್ತಿಗೂ ಬಾಯಿ ಬಿಟ್ಟಿಲ್ಲ. ನಾನಲ್ಲ ಅಂತ ನಾನಂತೂ ಆಣೆ ಮಾಡಬಲ್ಲೆ. ನನ್ನದು ಬೇರೆ ಗುಜರಿ.

ಅದಾದ ಡಿಸೆಂಬರಿನಲ್ಲಿ ನ್ಯೂಜೆರ್ಸಿಯಲ್ಲಿರುವ ಮಗ ಒಂದು ಪಾರ್ಸೆಲ್ ಕಳಿಸಿದ. ಅಲ್ಲಿ ಕ್ರಿಸ್‌ಮಸ್ ರಜಕ್ಕೆ ಓದುವವರಿಗೆ ಪುಸ್ತಕದ ಚಿತ್ರಗಳನ್ನು ಉಡುಗೊರೆ ಕೊಡುವವರೂ ಇದ್ದಾರಂತೆ. ಬಿಚ್ಚಿದರೆ ಒಂದು ನವಿಲು. ಜೇನ್ ಆಸ್ಟಿನ್ ಬರೆದ 'ಪ್ರೈಡ್ ಅಂಡ್ ಪ್ರೆಜುಡೀಸ್' ಕಾದಂಬರಿಗೆ 1894ರಲ್ಲಿ ಲಂಡನ್ನಿನಲ್ಲಿ ಹ್ಯೂ ಥಾಮ್ಸನ್ ಅನ್ನುವ ಚಿತ್ರಕಾರ ಬರೆದ ಹೊದಿಕೆ, ಗರಿ ಕೆದರಿ ನಿಂತ ಚಿನ್ನದ ಬಣ್ಣದ ನವಿಲು. ಮೇಷ್ಟ್ರು ಕನ್ನಡಕ ಏರಿಸಿ ನೋಡುತ್ತ ಕೂತರು. ಅಡುಗೆ ಮನೆಯಿಂದ ಬಂದ ಅವರ ಮನೆಯವರು, 'ಬಂಡೀಪುರದವರು ಹೊಸ ಕ್ಯಾಲೆಂಡರ್ ಕಳ್ಸವ್ರಾ? ಪಂಚಾಂಗ ಎಲ್ಲದ?' ಅಂದರು.

ಮೇಷ್ಟ್ರಿಗೆ ಆ ಹೊತ್ತಿನಲ್ಲಿ ಜ್ಞಾನೋದಯವಾಯಿತು. ಪುಸ್ತಕವನ್ನು ತೂಕಕ್ಕೆ ಹಾಕುವ ಜನ ಪಟವನ್ನು ಹಾಕಲಾರರು. ನಮ್ಮ ಸೀಮೆಯಲ್ಲಿ ಗಾಜು ಕಟ್ಟು ಬಿದ್ದ ಪಟ ಅಂದರೆ ಅದಕ್ಕೊಂದು ಮರ್ಯಾದೆ ಉಂಟು. ಹಳತಾದರೆ ಅರಳಿಕಟ್ಟೆ ಮೇಲೆ ಮಡಗಿ ಬರುತ್ತಾರೆ, ಹೊಳೆಗೆ ಬಿಡುತ್ತಾರೆ, ಗುಜರಿಗೆ ಹಾಕುವ ಧೈರ್ಯ ಯಾರಿಗೂ ಇಲ್ಲ. 'ಮುಮ್ಮಡಿ ಕೃಷ್ಣರಾಜ ಒಡೆಯರು ಮಾಡಿದ್ದೇನು ಮತ್ತೆ?' ಅಂತ ನನ್ನನ್ನು ಟೀ ಅಂಗಡಿಯಲ್ಲಿ ಹಿಡಿದು ಕೇಳಿದರು. 'ಧ್ಯಾನಶ್ಲೋಕಗಳನ್ನೆಲ್ಲ ಚಿತ್ರ ಬರೆಸಿ ಶ್ರೀತತ್ತ್ವನಿಧಿ ಮಾಡಿಸಿದರು. ಗಣಪತಿಯೊಬ್ಬನದೇ ಮೂವತ್ತೆರಡು ರೂಪ. 1826ರಲ್ಲಿ ಚಾಮರಾಜೇಶ್ವರನ ಗುಡಿ ಕಟ್ಟಿಸಿದವರೂ ಅವರೇ. ಇದು ನಮ್ಮ ಜಿಲ್ಲೆಯ ಪರಂಪರೆ ಕಣ್ರೀ! ರವಿವರ್ಮ ಶಕುಂತಲೆಯನ್ನು ಅಚ್ಚು ಹಾಕಿಸಿದ ಮೇಲೆ ತಾನೇ ಕಾಳಿದಾಸ ಪಡಸಾಲೆಗೆ ಬಂದದ್ದು? ನಮ್ಮಜ್ಜಿ ಒಂದಕ್ಷರ ಓದಿದವಳಲ್ಲ, ದಮಯಂತಿ ಹಂಸದ ಹತ್ತಿರ ಏನು ಮಾತಾಡಿದಳು ಅಂತ ಪಟ ನೋಡಿಕೊಂಡೇ ಹೇಳೋಳು.' ಟೀ ಆರಿ ಹೋಯಿತು. ದುಡ್ಡು ನಾನೇ ಕೊಟ್ಟೆ.

ಪಟಕ್ಕೆ ಕಟ್ಟು ಹಾಕಿಸಲು ಅವರು ಹೋಗುವುದು ಚಾಮರಾಜನಗರಕ್ಕೆ. ಒಂದು ಸಲ ಜೊತೆಗೆ ನನ್ನನ್ನೂ ಎಳೆದುಕೊಂಡು ಹೋದರು. ಚಾಮರಾಜೇಶ್ವರನ ಗುಡಿಯಿಂದ ಕೂಗಳತೆಯಲ್ಲಿ ಒಂದು ಸಣ್ಣ ಅಂಗಡಿ. ಎದುರು ಗೋಡೆ ತುಂಬ ಹುಲಿ ಏರಿದ ಮಾದಪ್ಪ, ಸಣ್ಣದು, ದೊಡ್ಡದು, ಲೈಟು ಹತ್ತಿ ಆರುವುದು. ಪಕ್ಕದಲ್ಲಿ ಸಿದ್ದಪ್ಪಾಜಿ, ಬಿಳಿಗಿರಿರಂಗ, ಒಂದೇ ಕಟ್ಟಿನಲ್ಲಿ ಬುದ್ಧ ಬಸವ ಅಂಬೇಡ್ಕರ್, ಆಮೇಲೆ ಗಾಜನೂರಿನ ಅಣ್ಣಾವ್ರು, ಅವರ ಮಗ್ಗುಲಲ್ಲಿ ನಗುತ್ತಿರುವ ಅಪ್ಪು. ಅಂಗಡಿಯವನು ನೆಲದ ಮೇಲೆ ಚಕ್ಕಂಬಕ್ಕಲ ಹಾಕಿ ಕೂತು ಗಾಜಿನ ಮೇಲೆ ಡೈಮಂಡ್ ಕಟರ್ ಎಳೆಯುತ್ತಿದ್ದ. ಕಿರ್ರ್ ಅಂತ ಒಂದೇ ಗೀರು, ಅಂಚಿಗೆ ತಟ್ಟಿದರೆ ಟಕ್ ಅಂತ ಗಾಜು ಎರಡಾಗುತ್ತಿತ್ತು. ಮರದ ಪಟ್ಟಿಗಳ ಮೂಲೆ ಓರೆಯಾಗಿ ಕೊಯ್ದು, ಗೋಂದು ಸವರಿ, ಬಾಯಲ್ಲಿ ಕಚ್ಚಿಕೊಂಡ ಸಣ್ಣ ಮೊಳೆಗಳನ್ನು ಒಂದೊಂದಾಗಿ ತೆಗೆದು ಬಡಿಯುತ್ತಿದ್ದ. ಬಾಯಲ್ಲಿ ಮೊಳೆ ಇರುವಷ್ಟು ಹೊತ್ತು ಮಾತ್ರ ಮೇಷ್ಟ್ರು ಹೇಳಿದ್ದಕ್ಕೆಲ್ಲ 'ಹ್ಞೂಂ' ಅನ್ನುತ್ತಿದ್ದ.

ಮೊಳೆ ಖಾಲಿಯಾದ ಮೇಲೆ ಕೇಳಿದ. 'ಸಾ, ನೀವು ಬುಕ್ಕಿನ ಪಟ ಬುಕ್ಕಿನ ಪಟ ಅಂತ ಎಷ್ಟು ತಕಂಡೋದ್ರಿ? ಹೋದ ವರ್ಸ ಒಂದು ಹದಿನೈದು? ನಾನು ಮಾದಪ್ಪುನ್ನ ಶಿವರಾತ್ರಿ ವಾರ ಒಂದ್ರಲ್ಲೇ ಇನ್ನೂರು ಮಾರ್ತೀನಿ ಕನ ಸಾ. ಅದೂ ಕತೆನೇ ಅಲ್ವಾ? ದೇವರಗುಡ್ಡರು ಕಂಸಾಳೆ ತಟ್ಕಂಡು ರಾತ್ರಿಯೆಲ್ಲ ಹಾಡುದ್ರೂ ಮುಗಿಯಾದಿಲ್ಲ. ನಿಮ್ ಲಿಸ್ಟಲ್ಲಿ ಮಾದಪ್ಪ ಯಾಕಿಲ್ಲ?'

ಮೇಷ್ಟ್ರಿಗೆ ಉತ್ತರ ಹೊಳೆಯಲಿಲ್ಲ. ಕೆಂಪು ಪೆನ್ನು ತೆಗೆದವರು ಅದನ್ನು ಹಾಗೇ ಜೇಬಿಗೆ ಸೇರಿಸಿ, ನೀಲಿ ಪೆನ್ನು ತೆಗೆದು, ಪಟ್ಟಿಯ ಕೊನೆಯಲ್ಲಿ 'ಮಲೆ ಮಹದೇಶ್ವರ, ಜನಪದ ಮಹಾಕಾವ್ಯ' ಅಂತ ಬರೆದುಕೊಂಡರು. ಮೇಷ್ಟ್ರಾದವರು ಇನ್ನೊಬ್ಬರು ಹೇಳಿದ್ದನ್ನು ಬರೆದುಕೊಂಡದ್ದನ್ನು ನಾನು ನೋಡಿರುವುದು ಅದೊಂದೇ ಸಲ.

ಪಟ್ಟಿ ಅಂದೆನಲ್ಲ, ಅದೊಂದು ನೂರು ಪುಟದ ನೋಟ್ ಪುಸ್ತಕ. ಎಡಗಡೆ ಓದುಗರ ಹೆಸರು, ಬಲಗಡೆ ಅವರಿಗೆ ತಕ್ಕ ಕೃತಿ. 'ಓದುಗನಿಗೆ ಏನು ಬೇಕು ಅಂತ ಓದುಗನಿಗೆ ಗೊತ್ತಿರಲ್ಲ' ಅನ್ನುವುದು ಅವರ ಸಿದ್ಧಾಂತ. ಆಯ್ಕೆ ಅವರದೇ. ಚಿತ್ರ ಬರೆಸುವುದಕ್ಕೆ ಸ್ಟುಡಿಯೋದಲ್ಲಿ ಕಂಪ್ಯೂಟರ್ ಕೆಲಸ ಮಾಡುವ ಒಬ್ಬ ಹುಡುಗನನ್ನು ಗೊತ್ತು ಮಾಡಿಕೊಂಡಿದ್ದಾರೆ. ಹುಡುಗ ಚುರುಕು, ಆದರೆ ಪುಸ್ತಕ ಓದಿದವನಲ್ಲ. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಬೇಕು ಅಂದರೆ ಎರಡೇ ದಿನದಲ್ಲಿ ತಂದುಕೊಟ್ಟ. ಹಿಂದೆ ಹಿಮವದ್ ಗೋಪಾಲಸ್ವಾಮಿ ಬೆಟ್ಟ, ಮುಂದೆ ಹಳದಿ ಚೆಂಡು ಹೂವಿನ ಹೊಲ, ಹೂವಿನ ನಡುವೆ ಸೊಂಟಕ್ಕೆ ಕೈ ಕೊಟ್ಟು ನಿಂತ ಒಬ್ಬ ವಧು. ಯಾರದೋ ಪ್ರೀವೆಡ್ಡಿಂಗ್ ಶೂಟ್. ಮದುಮಗನನ್ನು ಅಳಿಸಿ ಹಾಕಿದ್ದ, ಸೊಂಟದ ಮೇಲೆ ಅವನ ನಾಲ್ಕು ಬೆರಳು ಮಾತ್ರ ಉಳಿದುಕೊಂಡಿದ್ದವು. ಮೇಷ್ಟ್ರು ಬಹಳ ಹೊತ್ತು ನೋಡಿ, 'ಮಲೆಯೂ ಇದೆ, ಮದುಮಗಳೂ ಇದ್ದಾಳೆ. ಸರಿ, ಕಟ್ಟು ಹಾಕಿಸು' ಅಂದರು. ಆ ಪಟ ನನ್ನ ಬೀರುವಿನ ಹಿಂದಿದೆ. ಬೆರಳು ಎಣಿಸಬಹುದು.

ಸಂಚಿಯ ಹೊನ್ನಮ್ಮನದು ಇನ್ನೊಂದು ಕತೆ. ನಮ್ಮ ಜಿಲ್ಲೆಯದೇ ಯಳಂದೂರಿನವಳು, ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಯಡಿಕೆ ಸಂಚಿ ಹಿಡಿಯುತ್ತಿದ್ದವಳು 'ಹದಿಬದೆಯ ಧರ್ಮ' ಬರೆದಳು ಅನ್ನುವ ಹೆಮ್ಮೆ ಮೇಷ್ಟ್ರಿಗೆ. ಮದುವೆಗೆ ಕೊಡಲು ಇದಕ್ಕಿಂತ ಒಳ್ಳೆಯದುಂಟೇ? ಹುಡುಗ ಸೀರಿಯಲ್ ನಾಯಕಿಯ ಮುಖಕ್ಕೆ ಕೈಯಲ್ಲಿ ಸಂಚಿ ಕೊಟ್ಟು, ಬೆರಳ ತುದಿಯಲ್ಲಿ ಒಂದು ವೀಳ್ಯದೆಲೆ ಇಟ್ಟ. ಮದುವೆ ಮನೆಯಲ್ಲಿ ಬಿಚ್ಚಿದಾಗ ವರನ ಸೋದರಮಾವ, 'ಇದ್ಯಾವ ಬೀಡಾ ಅಂಗಡಿದು?' ಅಂದ. ಅತ್ತೆಗೆ ಮಾತ್ರ ಹೆಸರು ಕೇಳಿಯೇ ತೃಪ್ತಿ. ಸೊಸೆ ಪತಿವ್ರತಾ ಧರ್ಮದ ಪಟದ ಕೆಳಗೆ ಅಡುಗೆ ಮಾಡಲಿ ಅಂತ ಅಡುಗೆ ಮನೆಯಲ್ಲೇ ತಗಲು ಹಾಕಿಸಿದರು. ಸೊಸೆ ಮೈಸೂರಿನಲ್ಲಿ ಎಲ್‌ಎಲ್‌ಬಿ ಮಾಡಿದವಳು. ಪಟದ ಮೂಲ ಹುಡುಕಿಕೊಂಡು ಪುಸ್ತಕವನ್ನೇ ಓದಿದಳು. ಹೆಣ್ಣು ಅಂತ ಹಳಿಯುವವರನ್ನು ಹೊನ್ನಮ್ಮ ತರಾಟೆಗೆ ತೆಗೆದುಕೊಳ್ಳುವ ಭಾಗ ಸಿಕ್ಕಿತು. ಈಗ ಆ ಮನೆಯಲ್ಲಿ ಯಾವ ಜಗಳವಾದರೂ ಸೊಸೆ ಪಟದ ಕಡೆ ಬೆರಳು ತೋರಿಸಿ ಸಾಂಗತ್ಯದಲ್ಲೇ ಉತ್ತರ ಕೊಡುತ್ತಾಳಂತೆ. ಅತ್ತೆ ಪಟ ಇಳಿಸಬೇಕೆಂದರೆ ಎತ್ತರ ಎಟುಕುತ್ತಿಲ್ಲ.

ಎಲ್ಲಕ್ಕಿಂತ ದೊಡ್ಡ ಎಡವಟ್ಟು ರಾಜರತ್ನಂ ಅವರದು. ಜಿ.ಪಿ. ಅಂದರೆ ಗುಂಡ್ಲು ಪಂಡಿತ, ಅವರ ಹಿರೀಕರು ನಮ್ಮೂರಿನವರು ಅನ್ನುವುದನ್ನು ಮೇಷ್ಟ್ರು ಪರಿಚಯವಾದ ಐದನೇ ನಿಮಿಷಕ್ಕೆ ಹೇಳದೆ ಬಿಟ್ಟವರಲ್ಲ. ತಾವು ಹೆಂಡ ಮುಟ್ಟದೆ ಕುಡುಕ ರತ್ನನ ಬಾಯಲ್ಲಿ ಪದ ಹಾಡಿಸಿದ ಆ ದೊಡ್ಡವರ ಗೌರವಕ್ಕೆ, ಹೆಂಡದ ಬುಂಡೆ ಮುಂದಿಟ್ಟುಕೊಂಡು ನಕ್ಷತ್ರ ನೋಡುವ ರತ್ನನ ಚಿತ್ರ ಮಾಡಿಸಿ, ಒಬ್ಬರ ಗೃಹಪ್ರವೇಶಕ್ಕೆ ಕೊಟ್ಟರು. ಚಿತ್ರ ನಿಜಕ್ಕೂ ಚೆನ್ನಾಗಿತ್ತು. ಮನೆಯ ಯಜಮಾನರು ಅಬಕಾರಿ ಇನ್‌ಸ್ಪೆಕ್ಟರು ಅನ್ನುವುದೊಂದನ್ನು ಮೇಷ್ಟ್ರು ಯೋಚಿಸಿರಲಿಲ್ಲ. ಮೂರಂತಸ್ತಿನ ಹೊಸ ಮನೆ, ಗ್ರಾನೈಟ್ ನೆಲ, ಬಂದವರೆಲ್ಲ ಪಟವನ್ನೂ ಮಾಳಿಗೆಯನ್ನೂ ಒಂದೊಂದು ಸಲ ನೋಡಿ ಮುಸಿ ಮುಸಿ ನಕ್ಕರು. ಇನ್‌ಸ್ಪೆಕ್ಟರು ಊಟಕ್ಕೇಳಿ ಅಂತ ಎಲ್ಲರಿಗೂ ಹೇಳಿದರು, ಮೇಷ್ಟ್ರಿಗೆ ಹೇಳಲಿಲ್ಲ. ಅದೇ ರಾಜರತ್ನಂ ಮಕ್ಕಳಿಗೆ ಬರೆದ ತುತ್ತೂರಿಯನ್ನೋ ನಾಯಿಮರಿಯನ್ನೋ ಕೊಟ್ಟಿದ್ದರೆ ಒಬ್ಬಟ್ಟು ಸಿಗುತ್ತಿತ್ತು.

ಜ್ಞಾನಪೀಠದ ಗುಂಪು ಪಟದ ಬಗ್ಗೆ ಹೆಚ್ಚು ಹೇಳುವುದಿಲ್ಲ, ಕನ್ನಡ ನಾಡಿನಲ್ಲಿ ಅದು ಇಲ್ಲದ ಶಾಲೆ ಇಲ್ಲ. ಮೇಷ್ಟ್ರ ಹತ್ತಿರ ಕಂಬಾರರಿಗೆ ಪ್ರಶಸ್ತಿ ಬರುವುದಕ್ಕೆ ಮುಂಚೆ ಅಚ್ಚಾದ, ಏಳೇ ಜನರಿರುವ ಹಳೆಯ ಪ್ರತಿಗಳು ಒಂದು ಕಟ್ಟು ಉಳಿದಿದ್ದವು. ಕಂಬಾರರ ಪಾಸ್‌ಪೋರ್ಟ್ ಅಳತೆಯ ಫೋಟೋ ತರಿಸಿ ಒಂದೊಂದಕ್ಕೂ ಮೂಲೆಯಲ್ಲಿ ಅಂಟಿಸಿದರು. ಕಾರ್ನಾಡರ ಹೆಗಲ ಮೇಲೆ ಅಂಚೆಚೀಟಿ ಹತ್ತಿದ ಹಾಗೆ ಕಾಣುತ್ತದೆ. 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ಕತೆಗಳಿಗೆ, ದೀಪಾ ಭಾಸ್ತಿ ಅವರ ಅನುವಾದದ 'ಹಾರ್ಟ್ ಲ್ಯಾಂಪ್'ಗೆ, ಅಂತರರಾಷ್ಟ್ರೀಯ ಬೂಕರ್ ಬಂದಾಗ ಮೇಷ್ಟ್ರು ಅಂದೇ ಸ್ಟುಡಿಯೋಗೆ ಓಡಿ 'ಎದೆಯ ಹಣತೆ' ಪಟ ಬೇಕು ಅಂದರು. ಹುಡುಗ ಹಿಂದಿನ ವರ್ಷದ ದೀಪಾವಳಿ ಶುಭಾಶಯದ ಫೈಲು ತೆಗೆದು, ಕೆಳಗಿದ್ದ ಪುರಸಭೆ ಸದಸ್ಯರ ಕೈಮುಗಿದ ಫೋಟೋ ಅಳಿಸಿ, ಹಣತೆ ಮಾತ್ರ ಉಳಿಸಿ ಕೊಟ್ಟ. ಆ ವರ್ಷ ಮೇಷ್ಟ್ರ ಪಟಗಳಲ್ಲಿ ಯಾರ ತಕರಾರೂ ಇಲ್ಲದೆ ಗೋಡೆಗೆ ಹಾಕಿದ್ದು ಇದೊಂದನ್ನೇ. ದೇವರ ಕೋಣೆಯಲ್ಲಿ.

ಇನ್ನು ಮೂಕಜ್ಜಿಯ ವಿಷಯಕ್ಕೆ ಬರುತ್ತೇನೆ. ಇಷ್ಟು ಬರೆದದ್ದೂ ಅದಕ್ಕೇ.

ಕಾರಂತರಿಗೆ 1977ರಲ್ಲಿ ಜ್ಞಾನಪೀಠ ತಂದುಕೊಟ್ಟ 'ಮೂಕಜ್ಜಿಯ ಕನಸುಗಳು' ನನ್ನ ಹೆಸರಿನ ಎದುರು ಬಂದಿತ್ತು. ಈ ಸಲ ಮೇಷ್ಟ್ರು ಸ್ಟುಡಿಯೋ ಹುಡುಗನನ್ನು ನಂಬಲಿಲ್ಲ. ಮೈಸೂರಿನಲ್ಲಿ ಚಿತ್ರಕಲೆ ಕಲಿತ ಒಬ್ಬ ಹಳೆ ಶಿಷ್ಯೆಯ ಕೈಯಲ್ಲಿ ಬರೆಸಿದರು. ಅರಳಿಮರ, ಅದರ ಕಟ್ಟೆ, ಕಟ್ಟೆಯ ಮೇಲೆ ಬೋಳುತಲೆಗೆ ಸೆರಗು ಹೊದ್ದು ಕೂತ ಮುದುಕಿ. ಮುಖ ಅರ್ಧ ಮರದ ನೆರಳಲ್ಲಿ. ಕೈಯಲ್ಲಿ ಏನೋ ಒಂದು ಸಣ್ಣ ಚೂರು ಹಿಡಿದುಕೊಂಡು ಅದನ್ನೇ ನೋಡುತ್ತಿದ್ದಾಳೆ.

ಚಾಮರಾಜನಗರದಲ್ಲಿ ಕಟ್ಟು ಹಾಕಿಸಿಕೊಂಡು ತೆರಕಣಾಂಬಿ ಮೇಲೆ ಬರುವ ಬಸ್ಸು ಹತ್ತಿದೆವು. ಬಸ್ಸಿನಲ್ಲಿ ಗಂಡಸರು ಅಂದರೆ ನಾವಿಬ್ಬರು, ಡ್ರೈವರು, ಕಂಡಕ್ಟರು. ಕಂಡಕ್ಟರು ಸೀಟಿನ ಅರ್ಧ ಹಿಡಿದ ಪಟ ನೋಡಿ ಲಗೇಜು ಕೇಳಿದ. ಮೇಷ್ಟ್ರು ಕಾಗದ ಸರಿಸಿ, 'ನೋಡಪ್ಪಾ, ಇವರು ಹೆಂಗಸು. 2023ರಿಂದ ಹೆಂಗಸರಿಗೆ ಟಿಕೆಟ್ ಇಲ್ಲ' ಅಂದರು. ಕಂಡಕ್ಟರು ಬಗ್ಗಿ ಮೂಕಜ್ಜಿಯನ್ನು ದಿಟ್ಟಿಸಿ, 'ಆಧಾರ್ ಕಾರ್ಡ್ ಇದ್ದದಾ ಅಜ್ಜಿ?' ಅಂದ. ಇಡೀ ಬಸ್ಸು ನಕ್ಕಿತು. ಲಗೇಜು ಕೊಟ್ಟೆವು.

ಮನೆಗೆ ತಂದು ಬೀರುವಿನ ಹಿಂದೆ ಸೇರಿಸುವಷ್ಟರಲ್ಲಿ ಓನರ್ ಅಜ್ಜಿ ಬಾಡಿಗೆಗೆ ಬಂದರು. ಎಂಬತ್ತರ ಹತ್ತಿರದ ಜೀವ. ಸಹಿ ಹಾಕುವುದು ಹೆಬ್ಬೆಟ್ಟು. ನೋಟು ಎಣಿಸುವುದರಲ್ಲಿ ಮಾತ್ರ ಒಂದು ರೂಪಾಯಿ ಹೆಚ್ಚುಕಮ್ಮಿ ಆಗದು. ಎಣಿಸುತ್ತಿದ್ದವರು ನಿಲ್ಲಿಸಿ ಪಟದ ಮುಂದೆ ಬಂದು ನಿಂತರು.

'ಯಾರ ಮಗಾ ಇವ್ರು? ನಿಮ್ಮಜ್ಜಿಯಾ?'

'ಅಲ್ಲಜ್ಜಿ, ಪುಸ್ತಕದಲ್ಲಿ ಬರೋ ಅಜ್ಜಿ.'

'ಮೊಕ ಕಂಡಂಗದ' ಅಂದರು. ಇನ್ನೊಂದು ಸಲ ನೋಡಿ, 'ಇದನ್ನ ಹಿಂದ್ಗಡ ಮಡಗ್ಬ್ಯಾಡ. ಮೊಳ ಹೊಡಿ' ಅಂದರು. ಆರು ವರ್ಷದಲ್ಲಿ ಆ ಮನೆಯ ಗೋಡೆಗೆ ಬಿದ್ದ ಮೊದಲ ಮೊಳೆ ಅದು. ಸುತ್ತಿಗೆಯನ್ನೂ ಅವರೇ ತಂದುಕೊಟ್ಟರು.

ಮುಂದಿನ ಶುಕ್ರವಾರ ನೋಡುತ್ತೇನೆ, ಮೂಕಜ್ಜಿಯ ಹಣೆಯ ನೇರಕ್ಕೆ ಗಾಜಿನ ಮೇಲೆ ಕುಂಕುಮ. ಮೇಲೊಂದು ಎಳೆ ಕಾಕಡ. ಮೇಷ್ಟ್ರು ಅದೇ ದಿನ ತನಿಖೆಗೆ ಬಂದವರು ನೋಡಿ ಹೌಹಾರಿದರು. ಕಾರಂತರ ಅಜ್ಜಿಗೆ ಪೂಜೆ! ದೇವರನ್ನೇ ವಿಚಾರಣೆಗೆ ನಿಲ್ಲಿಸುವ ಅಜ್ಜಿಗೆ ಊದುಬತ್ತಿ! ಅದೂ ಹಾಗಿರಲಿ, ಚಿಕ್ಕಂದಿನಲ್ಲೇ ಗಂಡನನ್ನು ಕಳೆದುಕೊಂಡವಳ ಹಣೆಗೆ ಕುಂಕುಮ! ಕೆಂಪು ಪೆನ್ನು ತೆಗೆಯುವಷ್ಟು ಸಿಟ್ಟು ಬಂದಿತ್ತು. ಓನರ್ ಅಜ್ಜಿಯನ್ನು ಕೂರಿಸಿಕೊಂಡು ಕಾದಂಬರಿಯ ಕತೆಯನ್ನು ಮೊದಲಿನಿಂದ ಹೇಳಿದರು. ಮೂವತ್ತು ವರ್ಷ ಪಾಠ ಮಾಡಿದ ಗಂಟಲು, ಚೆನ್ನಾಗಿಯೇ ಹೇಳಿದರು. ಎಳೆಗೂಸು ಮದುವೆಯಾದದ್ದು, ಗಂಡ ಸತ್ತದ್ದು, ಮನೆಯ ಮೂಲೆಯಲ್ಲೇ ಬೆಳೆದು ಮುದುಕಿಯಾದದ್ದು, ಕೈಗೆ ಸಿಕ್ಕ ಹಳೆಯ ಚೂರು ಮುಟ್ಟಿದರೆ ಸಾವಿರ ವರ್ಷದ ಹಿಂದಿನದು ಕಣ್ಣಿಗೆ ಕಟ್ಟುವುದು. ಅಜ್ಜಿ ಎಲೆಗೆ ಸುಣ್ಣ ಹಚ್ಚುವುದನ್ನೂ ಮರೆತು ಕೇಳಿದರು. ಅವರದು ಬರಿಯ ಹಣೆ. ಯಾವಾಗಿನಿಂದ ಅಂತ ನಾನು ಕೇಳಿದವನಲ್ಲ.

ಕತೆ ಮುಗಿಯಿತು. ಮೇಷ್ಟ್ರು, 'ಈಗ ಗೊತ್ತಾಯ್ತಾ ತಾಯಿ? ಇವರಿಗೆ ಕುಂಕುಮ ಇಡೋದು ಸರಿಯಲ್ಲ' ಅಂದರು.

ಅಜ್ಜಿ ಎದ್ದು ಸೆರಗು ಸರಿಮಾಡಿಕೊಂಡರು. 'ಹತ್ತು ವರ್ಸದ ಕೂಸು. ಗಂಡ ಸತ್ರ ಅದೇನ್ ಮಾಡೀತು ಸಾಮಿ? ಅವತ್ತು ಯಾರೂ ಮಡಗ್ನಿಲ್ಲ. ನಾ ಮಡಗ್ತೀನಿ ಬುಡಿ' ಅಂದು, ಬಾಡಿಗೆಯ ಚೀಲ ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದರು.

ಮೇಷ್ಟ್ರು ಕಾಫಿ ಕುಡಿಯದೆ ಎದ್ದು ಹೋದವರು ಒಂದು ತಿಂಗಳು ಯಾರ ಮನೆಗೂ ಪಟ ಕೊಡಲಿಲ್ಲ. ಆಮೇಲೆ ಮಾಮೂಲಿನಂತೆ ಶುರುಮಾಡಿದರು. ಇತ್ತೀಚೆಗೆ ಅವರ ಮನೆಗೆ ಹೋಗಿದ್ದೆ. ನೆಲದಿಂದ ಸೂರಿನವರೆಗೆ ಪುಸ್ತಕದ ಬೀರು, ಒಂದೇ ಒಂದು ಪಟಕ್ಕೂ ಜಾಗವಿಲ್ಲ. ನ್ಯೂಜೆರ್ಸಿಯ ನವಿಲು ಬಚ್ಚಲುಮನೆ ಬಾಗಿಲಿನ ಹಿಂದೆ ಇತ್ತು.

ಈ ದಸರಾ ರಜದಲ್ಲಿ ಹೂವಿನ ಹೊಲ ನೋಡಲು, ಬಂಡೀಪುರಕ್ಕೆ ಹೋಗಲು ಗುಂಡ್ಲುಪೇಟೆ ಮೇಲೆ ಹಾದುಹೋಗುವ ಓದುಗರಲ್ಲಿ ಒಂದು ವಿನಂತಿ. ರಾತ್ರಿ ಒಂಬತ್ತಕ್ಕೆ ಕಾಡಿನ ಗೇಟು ಹಾಕುತ್ತಾರೆ, ಅದರೊಳಗೆ ಬಿಡುವು ಮಾಡಿಕೊಂಡು ನನ್ನ ಮನೆಗೆ ಬನ್ನಿ. ಹನ್ನೆರಡು ಹದಿನೆಂಟು ಇಂಚಿನ ನಾಲ್ಕು ಪಟಗಳಿವೆ, ಗಾಜು ಒಡೆದಿಲ್ಲ. ಏಳೂ ಮುಕ್ಕಾಲು ಜ್ಞಾನಪೀಠ ಒಂದು, ಹೊನ್ನಮ್ಮ ಒಂದು, ಇನ್‌ಸ್ಪೆಕ್ಟರ ಮನೆಯಿಂದ ವಾಪಸು ಬಂದ ರತ್ನ, ನಾಲ್ಕು ಬೆರಳಿನ ಮದುಮಗಳು. ದುಡ್ಡು ಬೇಡ, ಬಸ್ಸಿನ ಲಗೇಜು ಮಾತ್ರ ನಿಮ್ಮದು. ಮೂಕಜ್ಜಿಯನ್ನು ಕೇಳಬೇಡಿ. ಅದು ಓನರದು.